ಚಿಂತಾಮಣಿಯ ಡಿಟಿಪಿ ಅಂಗಡಿ ಮತ್ತು ಓದೋಕಾಗದ ಒಂದು ಫೈಲು

ಇವತ್ತಿನ ಸಂಚಿಕೆ ಶುರುವಾಗೋದು ಒಂದು ಹಳೇ ಸಿಪಿಯು ಡಬ್ಬದಿಂದ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತು ಕೇಳ್ತಿರೋರಿಗೆ ಡೆಸ್ಕ್‌ಟಾಪ್ ಅಂದ್ರೆ ಆಫೀಸಲ್ಲಿರೋ ವಸ್ತು ಅನ್ನಿಸಬಹುದು. ನಮ್ಮ ಮನೇಲಿ ಅದು ಅಟ್ಟದ ಮೇಲಿತ್ತು, ಗೋಣಿಚೀಲದಲ್ಲಿ ಸುತ್ತಿ.

ನಮ್ಮೂರು ಶಿಡ್ಲಘಟ್ಟದ ಕಡೆ. ತಾತ ಮೇಷ್ಟ್ರಾಗಿದ್ದು ರಿಟೈರ್ ಆದವರು. ಅವರಿಗೊಂದು ಹುಚ್ಚು. ಊರ ಸುತ್ತಮುತ್ತಲ ಕೆರೆ, ಕುಂಟೆ, ಕಾಲುವೆಗಳ ಹೆಸರು ಬರೆದಿಡೋದು. ಯಾವ ಕುಂಟೆ ಕೋಡಿ ಹರಿದರೆ ನೀರು ಯಾವ ಕೆರೆಗೆ ಹೋಗತ್ತೆ, ಯಾವ ತೂಬಿನ ನೀರು ಯಾರ ಗದ್ದೆಗೆ, ನೀರುಗಂಟಿ ಕೆಲಸ ಯಾರ ಮನೆತನದ್ದು, ಇವೆಲ್ಲ. ನಮ್ಮ ಕಡೆ ನದಿ ಅಂತ ನಂಬ್ಕೊಳ್ಳೋಕೆ ಏನೂ ಇಲ್ಲ, ಹಾಗಾಗಿ ಈ ಹೆಸರುಗಳೇ ಒಂಥರಾ ನಕ್ಷೆ. ಅರ್ಧ ಹೆಸರು ಕನ್ನಡ, ಅರ್ಧ ತೆಲುಗು. 2003ರಲ್ಲಿ ತಾತ ಆ ನೋಟ್‌ಬುಕ್ ತಗೊಂಡು ಚಿಂತಾಮಣಿಗೆ ಹೋಗಿ, ನಮ್ಮ ಚಿಕ್ಕಮ್ಮನ ಡಿಟಿಪಿ ಅಂಗಡೀಲಿ ಟೈಪ್ ಮಾಡಿಸಿದ್ರು. ಹದಿನಾಲ್ಕು ಪುಟ. ಪ್ರಿಂಟ್ ಹಾಕಿಸಿದ್ದು ಒಂದೇ ಪ್ರತಿ. ಅದನ್ನ ಯಾರೋ ಓದಿ ಕೊಡ್ತೀನಿ ಅಂತ ತಗೊಂಡು ಹೋದವರು ಕೊಡಲಿಲ್ಲ. ನೋಟ್‌ಬುಕ್ ಗೆದ್ದಲು ತಿಂದಿತು. ತಾತ ಈಗಿಲ್ಲ.

ಉಳಿದಿದ್ದು ಆ ಸಿಪಿಯು ಒಳಗಿನ ಹಾರ್ಡ್ ಡಿಸ್ಕ್. ಕಳೆದ ವರ್ಷ ಗೌರಿಬಿದನೂರಲ್ಲಿ ಕಂಪ್ಯೂಟರ್ ರಿಪೇರಿ ಮಾಡೋ ನಮ್ಮ ಭಾವ ಅದನ್ನ ಬಿಚ್ಚಿ, ಯುಎಸ್‌ಬಿ ಅಡಾಪ್ಟರ್‌ಗೆ ಸಿಕ್ಕಿಸಿ ಲ್ಯಾಪ್‌ಟಾಪ್‌ಗೆ ಹಾಕಿದ್ರು. 40 ಜಿಬಿ ಡಿಸ್ಕು, ಕಿರ್ ಕಿರ್ ಅಂತ ತಿರುಗ್ತು. ಫೈಲ್ ಸಿಕ್ತು! ಕ್ಲಿಕ್ ಮಾಡಿದ್ವಿ. ತೆರೀತು. ಒಂದಕ್ಷರ ಓದೋಕಾಗಲಿಲ್ಲ. ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಇರೋ ಎ, ಬ್ರಿಟಿಷ್ ಪೌಂಡ್ ಚಿಹ್ನೆ, ಜರ್ಮನ್ ಅಕ್ಷರ. ಹದಿನಾಲ್ಕು ಪುಟ ಪೂರ್ತಿ ಹೀಗೇ.

ಫೈಲ್ ಕೆಟ್ಟಿರಲಿಲ್ಲ. ಅದರಲ್ಲಿ ಒಂದು ಚುಕ್ಕೀನೂ ಹಾಳಾಗಿರಲಿಲ್ಲ. ಹಾಗಾದ್ರೆ ಯಾಕೆ ಓದೋಕಾಗಲಿಲ್ಲ? ಅದನ್ನ ಹೇಳೋಕೆ ಸ್ವಲ್ಪ ಹಿಂದೆ ಹೋಗಬೇಕು.

ಚಿಕ್ಕಮ್ಮ ಕಲಿತಿದ್ದು ಟೈಪ್‌ರೈಟರ್. ಆಗ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಒಂದೆರಡು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇರ್ತಿತ್ತು, ಎಸ್‌ಎಸ್‌ಎಲ್‌ಸಿ ಮುಗಿಸಿದವರು ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟೋರು. ಕನ್ನಡ ಟೈಪ್‌ರೈಟರ್‌ಗೆ ಕೀಲಿಮಣೆ ವಿನ್ಯಾಸ ಮಾಡಿದವರು ಅಂತ ನಾವು ನೆನೆಯೋದು ಕೆ. ಅನಂತಸುಬ್ಬರಾಯರನ್ನ. ಅವರಿಗೆ ಎದುರಾಗಿದ್ದ ಲೆಕ್ಕ ನೋಡಿ. ಮೆಷಿನ್‌ನಲ್ಲಿ ಶಿಫ್ಟ್ ಸೇರಿಸಿದ್ರೂ ಸುಮಾರು ತೊಂಬತ್ತು ಗುರುತಿಗಷ್ಟೇ ಜಾಗ. ಕನ್ನಡದಲ್ಲಿ ವ್ಯಂಜನವೇ 34. ಪ್ರತಿಯೊಂದಕ್ಕೂ ಕಾಗುಣಿತ, ಪ್ರತಿಯೊಂದಕ್ಕೂ ಕೆಳಗೆ ಒತ್ತು. ಎಲ್ಲಾ ಜೋಡಣೆ ಲೆಕ್ಕ ಹಾಕಿದ್ರೆ ಸಾವಿರಾರು ಆಕಾರ. ಇದಕ್ಕಿರೋ ದಾರಿ ಒಂದೇ, ಅಕ್ಷರಾನ ತುಂಡು ಮಾಡೋದು. ಬುಡ ಒಂದು ಕೀಲಿ, ತಲೆಕಟ್ಟು ಇನ್ನೊಂದು, ಕೊಂಬು, ದೀರ್ಘ, ಒತ್ತು ಬೇರೆ ಬೇರೆ. ಹೊಡೀತಾ ಹೋದ ಹಾಗೆ ಕಾಗದದ ಮೇಲೆ ತುಂಡುಗಳು ಸೇರಿ ಅಕ್ಷರ ಆಗ್ತಿತ್ತು.

ಈ ತುಂಡು ಮಾಡೋ ಉಪಾಯ ನೆನಪಿಟ್ಕೊಳ್ಳಿ. ಮೆಷಿನ್ ಹೋದ ಮೇಲೂ ಅದು ಹೋಗಲಿಲ್ಲ.

ಕಂಪ್ಯೂಟರ್ ಬಂದಾಗ ಎರಡು ಬೇರೆ ಬೇರೆ ಪ್ರಶ್ನೆ ಹುಟ್ಟಿದವು. ಒಂದು, ಕನ್ನಡವನ್ನ ಒಳಗೆ ಹಾಕೋದು ಹೇಗೆ, ಅಂದ್ರೆ ಕೀಲಿಮಣೆ. ಇನ್ನೊಂದು, ಒಳಗೆ ಹೋದ ಕನ್ನಡವನ್ನ ಕಂಪ್ಯೂಟರ್ ಏನಂತ ನೆನಪಿಟ್ಕೊಳ್ಳಬೇಕು, ಅಂದ್ರೆ ಸಂಕೇತ. ನಾವು ಇವೆರಡನ್ನೂ ಒಂದೇ ಅಂದ್ಕೊಳ್ತೀವಿ. ಒಂದೇ ಅಲ್ಲ.

ಮೊದಲ ಪ್ರಶ್ನೆಗೆ ಕನ್ನಡಕ್ಕೆ ಸಿಕ್ಕ ಉತ್ತರ ಎಷ್ಟು ಚೆನ್ನಾಗಿದೆ ಅಂದ್ರೆ, ಇವತ್ತಿಗೂ ಬದಲಾಯಿಸೋ ಅಗತ್ಯ ಬಂದಿಲ್ಲ. ಕೊಟ್ಟವರು ಕಿನ್ನಿಕಂಬಳ ಪದ್ಮನಾಭ ರಾವ್. ನಾವೆಲ್ಲ ಕೆ.ಪಿ. ರಾವ್ ಅಂತೀವಿ. ದಕ್ಷಿಣ ಕನ್ನಡದವರು, ಮುದ್ರಣದ ಅಕ್ಷರ ತಂತ್ರಜ್ಞಾನದಲ್ಲಿ ಕೆಲಸ ಮಾಡಿದವರು. 1980ರ ದಶಕದ ಕೊನೆಯ ಹೊತ್ತಿಗೆ ಅವರು ಕನ್ನಡಕ್ಕೊಂದು ಬರವಣಿಗೆ ತಂತ್ರಾಂಶ ಮಾಡಿದರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಮೇಲಿನ ಗೌರವಕ್ಕೆ ಅದರ ಹೆಸರು ಸೇಡಿಯಾಪು. ಅದರ ಜತೆ ಬಂದಿದ್ದು ಅವರ ಕೀಲಿಮಣೆ.

ಅವರ ಯೋಚನೆ ಸರಳ. ಆಕಾರ ನೋಡಬೇಡಿ, ಉಚ್ಚಾರ ನೋಡಿ. ಇಂಗ್ಲಿಷಿನ ಕೆ ಒತ್ತಿದ್ರೆ ಕ, ಎನ್ ಒತ್ತಿದ್ರೆ ನ. ಶಿಫ್ಟ್ ಜತೆ ಕೆ ಒತ್ತಿದ್ರೆ ಖ, ಎನ್ ಒತ್ತಿದ್ರೆ ಣ. ಒತ್ತಕ್ಷರ ಬೇಕಾದ್ರೆ ಮಧ್ಯೆ ಎಫ್, ಅದು ಕೊಂಡಿ. ಕನ್ನಡ ಅಂತ ಬರೆಯೋಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಹೊಡೆತ. ಚಿಕ್ಕಬಳ್ಳಾಪುರ ಅಂತ ಎರಡೆರಡು ಒತ್ತಿರೋ ಊರಿನ ಹೆಸರೂ ಬೆರಳಿಗೆ ತಾನಾಗಿ ಬರತ್ತೆ. ಯಾವ ಅಂಗಡೀಲೂ ಸಿಗೋ ಇಂಗ್ಲಿಷ್ ಕೀಬೋರ್ಡೇ ಸಾಕು, ಸ್ಟಿಕ್ಕರ್ ಕೂಡ ಬೇಡ. ಮತ್ತೆ ಅವರು ಇದನ್ನ ಮಾರಲಿಲ್ಲ. ಎಲ್ಲರೂ ಬಳಸಿಕೊಳ್ಳಿ ಅಂತ ಬಿಟ್ಟುಕೊಟ್ಟರು. ನಮ್ಮ ಚಿಕ್ಕಮ್ಮನಂಥ ಸಾವಿರಾರು ಜನ ಈ ಕೀಲಿಮಣೆ ನಂಬಿ ಸಂಸಾರ ನಡೆಸಿದ್ದಾರೆ, ಅವರ ಹೆಸರು ಗೊತ್ತಿಲ್ಲದೇನೇ.

ಎರಡನೇ ಪ್ರಶ್ನೆ, ಸಂಕೇತದ್ದು, ರಗಳೆ ಆಗಿದ್ದು ಇಲ್ಲಿ. ಆಗಿನ ಕಂಪ್ಯೂಟರ್‌ನಲ್ಲಿ ಒಂದು ಫಾಂಟ್ ಅಂದ್ರೆ 256 ಖಾನೆ. ಅದರಲ್ಲಿ ಕೆಲವು ಮುಟ್ಟೋ ಹಾಗಿಲ್ಲ. ಉಳಿದಿದ್ದು ಹೆಚ್ಚುಕಮ್ಮಿ ಇನ್ನೂರು. ಖಾನೆಗಳ ಮೇಲೆ ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಚೀಟಿ ಅಂಟಿಸಿಬಿಟ್ಟಿದ್ರು. ಕನ್ನಡದವರು ಮಾಡಿದ್ದೇನು? ಚೀಟಿ ಹಾಗೇ ಇರಲಿ ಅಂತ ಬಿಟ್ಟು, ಖಾನೆ ಒಳಗಿನ ಚಿತ್ರ ಬದಲಾಯಿಸಿದ್ರು. ದೊಡ್ಡ ಪಿ ಅನ್ನೋ ಖಾನೆಯಲ್ಲಿ ತಲೆಕಟ್ಟಿಲ್ಲದ ಕ. ಗೆರೆ ಇರೋ ಎ ಖಾನೆಯಲ್ಲಿ ತಲೆಕಟ್ಟು. ಪೌಂಡ್ ಚಿಹ್ನೆ ಜಾಗದಲ್ಲಿ ನ. ಟೈಪ್‌ರೈಟರ್‌ನ ಅದೇ ತುಂಡು ಮಾಡೋ ಉಪಾಯ. ಕಂಪ್ಯೂಟರ್ ಪಾಲಿಗೆ ಅದು ಕನ್ನಡವೇ ಅಲ್ಲ, ಯಾವುದೋ ಅರ್ಥವಿಲ್ಲದ ಇಂಗ್ಲಿಷ್. ಕನ್ನಡ ಅಂತ ಬರೆದ್ರೆ ಒಳಗಡೆ ಪಿ, ಗೆರೆ ಎ, ಪೌಂಡ್, ಗೆರೆ ಎ, ಜರ್ಮನ್ ಅಕ್ಷರ, ಸಣ್ಣ ಕ್ಯೂ, ಗೆರೆ ಎ ಅಂತ ಏಳು ಸಂಕೇತ ಕೂತಿರ್ತಿತ್ತು. ಆ ಫಾಂಟ್ ಇದ್ದಷ್ಟು ಹೊತ್ತು ಕಣ್ಣಿಗೆ ಕನ್ನಡ. ಫಾಂಟ್ ಇಲ್ಲ ಅಂದ್ರೆ ಬಣ್ಣ ಬಯಲು. ಸಾಲದ್ದಕ್ಕೆ ಒಬ್ಬೊಬ್ಬರ ಫಾಂಟ್‌ನಲ್ಲಿ ಒಂದೊಂದು ಚಿತ್ರ ಒಂದೊಂದು ಖಾನೆಯಲ್ಲಿ.

ಚಿಕ್ಕಮ್ಮ ಅಂಗಡಿ ಇಟ್ಟಿದ್ದು 1999ರಲ್ಲಿ, ಚಿಂತಾಮಣಿ ತಾಲ್ಲೂಕು ಕಚೇರಿಗೆ ಹತ್ತಿರ. ಒಂದು ಅಸೆಂಬಲ್ಡ್ ಡೆಸ್ಕ್‌ಟಾಪು, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಒಂದು ಯುಪಿಎಸ್ಸು. ಆಗ ದುಡ್ಡು ಕೊಟ್ಟು ಕೊಳ್ಳೋ ಕನ್ನಡ ತಂತ್ರಾಂಶಗಳು, ಶ್ರೀಲಿಪಿ ಥರದವು, ಬೀಗದ ಜತೆ ಬರ್ತಿದ್ವು. ನಿಜವಾದ ಬೀಗ. ಹೆಬ್ಬೆರಳಷ್ಟು ಗಾತ್ರದ ಒಂದು ತುಂಡು, ಕಂಪ್ಯೂಟರ್ ಹಿಂದೆ ಪ್ರಿಂಟರ್ ಪೋರ್ಟ್‌ಗೆ ಸಿಕ್ಕಿಸಬೇಕು. ಅದಿಲ್ಲದಿದ್ರೆ ಕನ್ನಡ ಬರಲ್ಲ. ಚಿಕ್ಕಮ್ಮ ರಾತ್ರಿ ಅಂಗಡಿ ಮುಚ್ಚಿ ಹೋಗುವಾಗ ಕಂಪ್ಯೂಟರ್ ಅಲ್ಲೇ ಬಿಟ್ಟು ಬೀಗ ಮಾತ್ರ ಪರ್ಸಲ್ಲಿ ಹಾಕ್ಕೊಂಡು ಹೋಗ್ತಿದ್ರಂತೆ. ಕಳ್ಳ ಬಂದ್ರೆ ಇಂಗ್ಲಿಷ್ ಕಂಪ್ಯೂಟರ್ ತಗೊಂಡು ಹೋಗ್ಲಿ ಅಂತ.

ಈ ಬೀಗ ಒಡೆದವರಲ್ಲಿ ಮುಖ್ಯವಾದವರು ಶೇಷಾದ್ರಿವಾಸು. 1998ರಲ್ಲಿ ಅವರು ಬರಹ ಅನ್ನೋ ತಂತ್ರಾಂಶವನ್ನ ಉಚಿತವಾಗಿ ಬಿಟ್ಟರು. ಅದಾದ ಮೇಲೆ ರಾಜ್ಯ ಸರ್ಕಾರ ಮತ್ತು ಕನ್ನಡ ಗಣಕ ಪರಿಷತ್ತಿನ ಕಡೆಯಿಂದ ನುಡಿ ಬಂತು, ಅದೂ ಉಚಿತ. ಕೆ.ಪಿ. ರಾವ್ ಅವರ ವಿನ್ಯಾಸವನ್ನೇ ಸ್ವಲ್ಪ ತಿದ್ದಿ ಸರ್ಕಾರ ಅಧಿಕೃತ ಕೀಲಿಮಣೆ ಅಂತ ಒಪ್ಪಿಕೊಳ್ತು. ಸಿಡಿ ಒಬ್ಬರಿಂದ ಒಬ್ಬರಿಗೆ ಹೋಗ್ತಾ ಹೋಗ್ತಾ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಎಲ್ಲಾ ಕಡೆ ನುಡಿ ಹರಡಿತು. ಇವತ್ತಿಗೂ ಕೋರ್ಟ್ ಮುಂದೆ ಕೂರೋ ಟೈಪಿಸ್ಟ್ ಹತ್ತಿರ ಕಂಪ್ಯೂಟರಲ್ಲಿ ಕನ್ನಡ ಇದೆಯಾ ಅಂತ ಕೇಳಿದ್ರೆ, ನುಡಿ ಇದೆ ಅಂತಾರೆ. ಅವರಿಗೆ ಎರಡೂ ಒಂದೇ.

ಅದೇ ಕಾಲಕ್ಕೆ ಭೂಮಿ ಯೋಜನೆ ಬಂತು. ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನ ಕಂಪ್ಯೂಟರ್‌ಗೆ ಹಾಕಿದ್ರು. ಗ್ರಾಮ ಲೆಕ್ಕಿಗರ ಕಂತೆಯಲ್ಲಿದ್ದ ಪಹಣಿ, 15 ರೂಪಾಯಿ ಕೊಟ್ರೆ ಕೌಂಟರ್‌ನಲ್ಲಿ ಪ್ರಿಂಟ್ ಆಗಿ ಬರೋ ಹಾಗಾಯ್ತು. ಭೂಮಿ ಕೇಂದ್ರಗಳಲ್ಲಿ ಎರಡು ಮಾನಿಟರ್ ಇಡ್ತಿದ್ರು, ಒಂದು ನೌಕರನ ಕಡೆ, ಒಂದು ಕಿಟಕಿ ಆಚೆ ನಿಂತ ರೈತನ ಕಡೆ. ನಮ್ಮ ಕಡೆ ಎಷ್ಟೋ ಜನ ಪರದೆ ಮೇಲೆ ತಮ್ಮ ಹೆಸರನ್ನ ಕನ್ನಡದಲ್ಲಿ ಮೊದಲ ಸಲ ನೋಡಿದ್ದು ಆ ಎರಡನೇ ಮಾನಿಟರ್‌ನಲ್ಲೇ. ತಾತ ಕೂಡ. ಅಲ್ಲಿಂದ ನೇರ ಚಿಕ್ಕಮ್ಮನ ಅಂಗಡಿಗೆ ಬಂದು, ನನ್ನ ಕುಂಟೆ ಹೆಸರುಗಳೂ ಹಿಂಗೇ ಬರ್ತಾವೇನಮ್ಮಾ ಅಂದ್ರಂತೆ.

ಈಗ ಚಿಕ್ಕಮ್ಮನ ಕೈಚಳಕಗಳ ಬಗ್ಗೆ. ನಿಮಗೆ ಯೂಟ್ಯೂಬ್‌ನಲ್ಲಿ ಕಂಪ್ಯೂಟರ್ ಟಿಪ್ಸ್ ಅಂತ ವಿಡಿಯೋ ಬರ್ತಾವಲ್ಲ, ಅದಕ್ಕಿಂತ ಮುಂಚೆ ಟಿಪ್ಸ್ ಅಂದ್ರೆ ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ಬಾಯಿಂದ ಬಾಯಿಗೆ ಹೋಗ್ತಿತ್ತು. ಮೈಕ್ರೋಸಾಫ್ಟ್ ವರ್ಡ್‌ಗೆ ಅದು ಕನ್ನಡ ಅಂತ ಗೊತ್ತಿಲ್ಲ, ಇಂಗ್ಲಿಷ್ ಅಂತಲೇ ತಿಳ್ಕೊಂಡಿರತ್ತೆ. ಹಾಗಾಗಿ ಇಡೀ ಪುಟಕ್ಕೆ ಕೆಂಪು ಅಲೆ ಗೆರೆ. ಅದೇನೋ ಸಹಿಸಬಹುದು. ಆಟೋ ಕರೆಕ್ಟ್ ಇದೆಯಲ್ಲ, ಅದು ವಾಕ್ಯದ ಮೊದಲ ಅಕ್ಷರವನ್ನ ತಾನೇ ದೊಡ್ಡಕ್ಷರ ಮಾಡಿಬಿಡತ್ತೆ. ನುಡಿ ಫಾಂಟ್‌ನಲ್ಲಿ ಸಣ್ಣ ಕ್ಯೂ ಖಾನೆಯಲ್ಲಿ ಡ ಇದೆ, ದೊಡ್ಡ ಕ್ಯೂ ಖಾನೆಯಲ್ಲಿ ಕಿ ಇದೆ. ವಾಕ್ಯ ಡ ಇಂದ ಶುರುವಾದ್ರೆ ಸಾಕು, ಡ ಹೋಗಿ ಕಿ ಬಂದು ಕೂರತ್ತೆ. ಕ್ರಯಪತ್ರದಲ್ಲಿ ಹೆಸರೇ ಬದಲಾದ್ರೆ ಏನಾಗಬೇಡ? ಹೊಸ ಕಂಪ್ಯೂಟರ್ ಬಂದ ದಿನ ಪೂಜೆ ಮಾಡಿ, ಆಟೋ ಕರೆಕ್ಟ್‌ನ ಎಲ್ಲಾ ಟಿಕ್ ತೆಗೆಯೋದು, ಇದು ಅಂಗಡಿಯ ನಿಯಮ. ನಿಯಮ ಹುಟ್ಟೋ ಮುಂಚೆ ಟೈಪ್ ಮಾಡಿದ ಫೈಲುಗಳೂ ಇವೆ ಅನ್ನಿ.

ಇನ್ನೊಂದು ಹುಡುಕಾಟದ್ದು. ನೂರು ಪುಟದ ದಸ್ತಾವೇಜಲ್ಲಿ ಒಂದು ಹೆಸರು ಹುಡುಕಬೇಕು. ಹುಡುಕೋ ಚೌಕದಲ್ಲಿ ಕನ್ನಡ ಫಾಂಟ್ ಬರಲ್ಲ. ಚಿಕ್ಕಮ್ಮ ನುಡಿ ಆನ್ ಮಾಡ್ಕೊಂಡು ಆ ಚೌಕದಲ್ಲೇ ಟೈಪ್ ಮಾಡೋರು. ಪರದೆ ಮೇಲೆ ಬರೋದು ಪಿ, ಪೌಂಡ್, ಗೆರೆ ಎ. ಎಂಟರ್ ಹೊಡೆದ್ರೆ ಸರಿಯಾದ ಜಾಗಕ್ಕೆ ಹೋಗಿ ನಿಲ್ಲತ್ತೆ, ಯಾಕಂದ್ರೆ ಫೈಲ್ ಒಳಗಿರೋದೂ ಅದೇ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಆಯ್ತಲ್ಲ, ಆಗ ಈ ಉಪಾಯ ತುಂಬಾ ಕೆಲಸಕ್ಕೆ ಬಂತು. ಅಂಗಡೀಲಿದ್ದ ನೂರಾರು ಅಫಿಡವಿಟ್, ಕ್ರಯಪತ್ರ, ಅರ್ಜಿ ಮಾದರಿಗಳಲ್ಲಿ ಕೋಲಾರ ಜಿಲ್ಲೆ ಅಂತ ಇತ್ತು. ಎಲ್ಲಾ ಬದಲಾಯಿಸು ಅಂತ ಒಂದು ಬಟನ್ ಒತ್ತಿ ಮುಗಿಸಿದ್ರು. ಮುಗಿಸಿದ ಮೇಲೆ ಗೊತ್ತಾಯ್ತು, ನಿಜವಾಗ್ಲೂ ಕೋಲಾರದಲ್ಲೇ ಇರೋ ಬಂಗಾರಪೇಟೆ, ಮುಳಬಾಗಿಲಿನ ವಿಳಾಸಗಳೂ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿಬಿಟ್ಟಿದ್ವು. ಸರ್ಕಾರ ಒಂದು ಸಲ ಗಡಿ ಬರೆದ್ರೆ ನಾನು ಎರಡು ಸಲ ಬರೆದೆ ಅಂತ ಚಿಕ್ಕಮ್ಮ ಈಗಲೂ ನಗ್ತಾರೆ.

ಶಿಡ್ಲಘಟ್ಟದ ಅಂಗಡಿಗಳ ಕಷ್ಟ ಇನ್ನೂ ಒಂದು ಕೈ ಮೇಲೆ. ರೇಷ್ಮೆ ಊರು, ರೀಲರ್‌ಗಳ ಮನೆಯಲ್ಲಿ ಉರ್ದು, ಸುತ್ತ ಹಳ್ಳಿಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ಮದುವೆ ಸೀಸನ್‌ನಲ್ಲಿ ಒಂದೇ ಡೆಸ್ಕ್‌ಟಾಪ್‌ನಲ್ಲಿ ಮೂರೂ ಬೇಕು. ಉರ್ದುಗೆ ಇನ್‌ಪೇಜ್, ತೆಲುಗಿಗೆ ಅನು, ಕನ್ನಡಕ್ಕೆ ನುಡಿ. ಎಲ್ಲವೂ ಕೀಬೋರ್ಡ್ ತನ್ನದೇ ಅಂತ ಹಿಡ್ಕೊಳ್ಳೋವು. ನುಡಿ ಆನ್ ಇರೋದು ಮರೆತು ಇಂಗ್ಲಿಷ್ ಪಾಸ್‌ವರ್ಡ್ ಹೊಡೆದು ತಲೆ ಕೆರ್ಕೊಳ್ಳೋದು ದಿನಾ ಇದ್ದಿದ್ದೇ. ನುಡಿಯಲ್ಲಿ ಭಾಷೆ ಬದಲಾಯಿಸೋಕೆ ಸ್ಕ್ರಾಲ್ ಲಾಕ್ ಕೀ. ಬೇರೆ ಯಾರಿಗೂ ಯಾಕಿದೆ ಅಂತ ಗೊತ್ತಿಲ್ಲದ ಆ ಕೀ, ಕರ್ನಾಟಕದ ಡಿಟಿಪಿ ಅಂಗಡಿಗಳಲ್ಲಿ ಮಾತ್ರ ಸವೆದು ಹೋಗಿರ್ತಿತ್ತು.

ವೇಗದ ಟಿಪ್ಸ್ ಬಗ್ಗೆ ಜಾಸ್ತಿ ಹೇಳಲ್ಲ, ಅದರಲ್ಲಿ ಅರ್ಧ ಮೂಢನಂಬಿಕೆ. ಡೆಸ್ಕ್‌ಟಾಪ್ ಮೇಲೆ ಬಲಗಡೆ ಕ್ಲಿಕ್ ಮಾಡಿ ಹತ್ತು ಸಲ ರಿಫ್ರೆಶ್ ಒತ್ತೋದು, ನಾನೂ ಮಾಡಿದ್ದೀನಿ. ಅದು ಐಕಾನ್‌ಗಳನ್ನ ಇನ್ನೊಂದು ಸಲ ಬರೆಯತ್ತೆ ಅಷ್ಟೇ, ಕಂಪ್ಯೂಟರ್ ಒಂದು ಕೂದಲಷ್ಟೂ ಫಾಸ್ಟ್ ಆಗಲ್ಲ. ಪ್ರೀಫೆಚ್ ಫೋಲ್ಡರ್ ಖಾಲಿ ಮಾಡೋದಂತೂ ಉಲ್ಟಾ, ಪ್ರೋಗ್ರಾಂ ಬೇಗ ತೆರೆಯೋಕೆ ವಿಂಡೋಸ್ ಬರೆದಿಟ್ಕೊಂಡ ಟಿಪ್ಪಣಿ ಅದು, ಅಳಿಸಿದ್ರೆ ಮೊದಲಿಂದ ಬರೀಬೇಕು. ಡಿಫ್ರಾಗ್ ನಿಜವಾಗ್ಲೂ ಉಪಯೋಗ ಇತ್ತು, ತಿರುಗೋ ಡಿಸ್ಕ್‌ಗೆ ಮಾತ್ರ. ನಿಮ್ಮ ಮನೇಲಿ ಹಳೇ ಡೆಸ್ಕ್‌ಟಾಪ್ ನಿಧಾನ ಅನ್ನಿಸ್ತಿದ್ರೆ ತಿರುಗೋ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕ್ಸಿ. ಬೇರೆ ಯಾವ ಟಿಪ್ಪೂ ಅದರ ಹತ್ತಿರ ಬರಲ್ಲ. ಇನ್ನು ಕರೆಂಟ್ ಯಾವಾಗ ಹೋಗತ್ತೋ ಗೊತ್ತಿಲ್ಲದ ಊರಲ್ಲಿ ಚಿಕ್ಕಮ್ಮನ ಎಡಗೈ ಪ್ರತಿ ಪೂರ್ಣವಿರಾಮಕ್ಕೂ ಕಂಟ್ರೋಲ್ ಎಸ್ ಒತ್ತುತ್ತೆ. ಈಗ ಬ್ಯಾಟರಿ ಇರೋ ಲ್ಯಾಪ್‌ಟಾಪ್ ಮುಂದೆ ಕೂತ್ರೂ ಒತ್ತುತ್ತೆ.

ಇಷ್ಟೆಲ್ಲ ಅಂಗಡಿಗಳಲ್ಲಿ ನಡೀತಿರುವಾಗ, ಎರಡನೇ ಪ್ರಶ್ನೆಗೆ ಸರಿಯಾದ ಉತ್ತರ ಬೇರೆ ಕಡೆ ಆಗಲೇ ಸಿಕ್ಕಿತ್ತು. ಯೂನಿಕೋಡ್‌ನ ಮೊದಲ ಆವೃತ್ತಿ ಬಂದಿದ್ದು 1991ರಲ್ಲಿ, ಅದರಲ್ಲೇ ಕನ್ನಡಕ್ಕೆ ಸ್ವಂತ ಖಾನೆಗಳು ಇದ್ವು. ಅದು ತುಂಡುಗಳನ್ನ ಅಲ್ಲ, ಅಕ್ಷರಗಳನ್ನ ನೆನಪಿಟ್ಕೊಳ್ಳತ್ತೆ. ಕನ್ನಡ ಅಂದ್ರೆ ಕ, ನ, ಕೊಂಡಿ, ನ, ಡ. ಐದು ಸಂಕೇತ. ಕೆ.ಪಿ. ರಾವ್ ಕೀಲಿಮಣೆಯ ಐದು ಹೊಡೆತ ಇದೆಯಲ್ಲ, ಅದರ ಪಕ್ಕ ಇಟ್ಟು ನೋಡಿ. ಒಂದಕ್ಕೊಂದು ಸರಿಯಾಗಿ ಕೂರತ್ತೆ. ಅವರ ಕೀಲಿಮಣೆ ನಿಂತಿದ್ದು ಆಕಾರದ ಮೇಲಲ್ಲ, ಅಕ್ಷರದ ಮೇಲೆ. ಅದಕ್ಕೇ ಯಂತ್ರ ಬದಲಾದ್ರೂ ಅದು ಉಳೀತು, ಆಕಾರದ ಮೇಲೆ ನಿಂತ ಫಾಂಟುಗಳು ಮುಳುಗಿದ್ವು ಅನ್ನೋದು ನನ್ನ ಲೆಕ್ಕ.

ಹಾಗಾದ್ರೆ 2003ರಲ್ಲಿ ಚಿಕ್ಕಮ್ಮ ಯಾಕೆ ಯೂನಿಕೋಡ್‌ನಲ್ಲಿ ಟೈಪ್ ಮಾಡಲಿಲ್ಲ? 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಕನ್ನಡ ಯೂನಿಕೋಡ್ ಇತ್ತು, ತುಂಗಾ ಅನ್ನೋ ಫಾಂಟೂ ಇತ್ತು. ಆದ್ರೆ ಅಡಗಿ ಕೂತಿತ್ತು. ಕಂಟ್ರೋಲ್ ಪ್ಯಾನೆಲ್ ಒಳಗೆ ಹೋಗಿ, ಪ್ರಾದೇಶಿಕ ಭಾಷೆಗಳ ಆಯ್ಕೆ ತೆಗೆದು, ಕ್ಲಿಷ್ಟ ಲಿಪಿಗಳು ಮತ್ತು ಬಲದಿಂದ ಎಡಕ್ಕೆ ಬರೆಯೋ ಭಾಷೆಗಳು ಅನ್ನೋ ಅರ್ಥದ ಒಂದು ಚೌಕಕ್ಕೆ ಟಿಕ್ ಹಾಕಬೇಕು. ಅರಬ್ಬಿ, ಥಾಯ್ ಜತೆ ಕನ್ನಡವೂ ಅದೇ ಕಟ್ಟಿನಲ್ಲಿ. ಟಿಕ್ ಹಾಕಿದ್ರೆ ಎಕ್ಸ್‌ಪಿ ಸಿಡಿ ಹಾಕು ಅನ್ನತ್ತೆ. ಅಸೆಂಬಲ್ ಮಾಡಿಸಿದ ಕಂಪ್ಯೂಟರ್‌ಗೆ ಸಿಡಿ ಎಲ್ಲಿಂದ ಬರ್ಬೇಕು? ಟಿಕ್ ಹಾಕದಿದ್ರೆ ಒತ್ತಕ್ಷರ ಎಲ್ಲ ಒಡೆದು ಕಾಣೋದು. ಕನ್ನಡ ಬ್ಲಾಗ್ ಓದಬೇಕು ಅಂತ ನಾನು ಕಾಲೇಜಲ್ಲಿದ್ದಾಗ ಆ ಚೌಕ ಹುಡುಕಿ ಟಿಕ್ ಹಾಕಿ, ರೀಸ್ಟಾರ್ಟ್ ಆಗಿ ಅಕ್ಷರ ಕೂಡಿಕೊಂಡಿದ್ದು ನೋಡಿದ್ದು, ನನ್ನ ಜೀವನದ ದೊಡ್ಡ ಕಂಪ್ಯೂಟರ್ ಟ್ವೀಕ್ ಅದೇ. ವಿಸ್ಟಾದಿಂದ ಈಚೆಗೆ ಆ ರಗಳೆ ಇಲ್ಲ.

ಇನ್ನೂ ದೊಡ್ಡ ಕಾರಣ ಹೊಟ್ಟೆಪಾಡು. ಡಿಟಿಪಿ ಅಂದ್ರೆ ಪೇಜ್‌ಮೇಕರ್. ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಆಗಿನ ಕೋರಲ್ ಡ್ರಾನೂ ಅಷ್ಟೇ. ಲಗ್ನಪತ್ರಿಕೆ, ಬ್ಯಾನರು, ಕರಪತ್ರ, ಪುಸ್ತಕ ಎಲ್ಲ ಇವೆರಡರಲ್ಲೇ ಆಗ್ಬೇಕು. ಹೊಸ ತಂತ್ರಾಂಶಕ್ಕೆ ಸಾವಿರಾರು ರೂಪಾಯಿ. ಹಳೇ ಫಾಂಟೇ ಚಂದ ಬೇರೆ. ಸರ್ಕಾರ ಯೂನಿಕೋಡ್ ಅನ್ನ ಶಿಷ್ಟತೆ ಅಂತ ಒಪ್ಪಿಕೊಂಡ ಮೇಲೂ ಪ್ರೆಸ್‌ಗಳಲ್ಲಿ ಹಳೇ ಫಾಂಟ್ ಬಿಡಲಿಲ್ಲ, ಇವತ್ತಿಗೂ ಪೂರ್ತಿ ಬಿಟ್ಟಿಲ್ಲ. ಇದನ್ನ ಸೋಮಾರಿತನ ಅಂತ ಬೈಯೋರನ್ನ ಕಂಡ್ರೆ ನನಗೆ ಸಿಟ್ಟು ಬರತ್ತೆ. ಬೈಯೋರ ಮನೆ ಮದುವೆ ಪತ್ರಿಕೆಯೂ ಆ ಫಾಂಟ್‌ನಲ್ಲೇ ಆಗಿರತ್ತೆ. ಆದ್ರೆ ಬೆಲೆ ಏನಾಯ್ತು ಅಂದ್ರೆ, ಸುಮಾರು ಹದಿನೈದು ಇಪ್ಪತ್ತು ವರ್ಷ ನಮ್ಮ ಊರುಗಳಲ್ಲಿ ಟೈಪ್ ಆದದ್ದು, ಸಹಕಾರ ಸಂಘದ ವರದಿ, ಸ್ಕೂಲಿನ ಸ್ಮರಣಸಂಚಿಕೆ, ಯಾರೋ ಬರೆದ ಕವನ, ತಾತನ ಕುಂಟೆಗಳು, ಎಲ್ಲಾ ಆ ಖಾನೆಗಳೊಳಗೆ ಸೇರ್ಕೊಂಡಿದೆ. ಗೂಗಲ್‌ಗೆ ಅದು ಕಾಣಲ್ಲ. ನಿಮ್ಮ ಫೋನಿಗೂ ಕಾಣಲ್ಲ.

ಸರಿ, ನಾವೇನು ಮಾಡಿದ್ವಿ ಹೇಳ್ತೀನಿ, ನಿಮ್ಮ ಮನೇಲೂ ಇಂಥ ಡಬ್ಬ ಇದ್ರೆ ಉಪಯೋಗ ಆಗಬಹುದು. ಭಾವ ಮೊದಲು ಡಿಸ್ಕ್‌ನಲ್ಲಿದ್ದದ್ದನ್ನೆಲ್ಲ ಕಾಪಿ ಮಾಡ್ಕೊಂಡ್ರು, ಮೂಲ ಫೈಲ್ ಮುಟ್ಟಲಿಲ್ಲ. ಅರ್ಥವಾಗದ ಅಕ್ಷರ ಕಂಡ ತಕ್ಷಣ ಜನ ಏನೇನೋ ಮಾಡಿ ಸೇವ್ ಒತ್ತಿಬಿಡ್ತಾರೆ, ಅಲ್ಲಿಗೆ ಕತೆ ಮುಗೀತು. ಆಮೇಲೆ ವರ್ಡ್‌ನಲ್ಲಿ ಫಾಂಟ್ ಹೆಸರು ನೋಡಿದ್ವಿ. ಫಾಂಟ್ ಇಲ್ಲದಿದ್ರೂ ಅದರ ಹೆಸರು ಮೇಲಿನ ಚೌಕದಲ್ಲಿ ಇರತ್ತೆ. ನುಡಿ ಅಂತಲೇ ಇತ್ತು. ನುಡಿ ಫಾಂಟ್ ಹಾಕಿದ ತಕ್ಷಣ ಹದಿನಾಲ್ಕು ಪುಟ ಕನ್ನಡ ಆಯ್ತು. ನಾನು, ಭಾವ, ಅಕ್ಕ ಮೂರೂ ಜನ ಸುಮ್ಮನೆ ಕೂತು ಓದಿದ್ವಿ ಸ್ವಲ್ಪ ಹೊತ್ತು.

ಆದ್ರೆ ಅದು ಕಣ್ಣಿಗೆ ಮಾತ್ರ ಕನ್ನಡ. ಫೋನಿಗೆ ಕಳಿಸಿದ್ರೆ ಮತ್ತೆ ಪೌಂಡ್ ಚಿಹ್ನೆ. ಯೂನಿಕೋಡ್‌ಗೆ ಪರಿವರ್ತಿಸ್ಬೇಕು. ನುಡಿ, ಬರಹದ ಹೊಸ ಆವೃತ್ತಿಗಳಲ್ಲಿ ಆ ಸೌಲಭ್ಯ ಇದೆ. ಅರವಿಂದ ವಿ.ಕೆ. ಬರೆದ ಒಂದು ಮುಕ್ತ ಪರಿವರ್ತಕವೂ ಇದೆ, ಬ್ರೌಸರ್‌ನಲ್ಲೇ ಕೆಲಸ ಮಾಡತ್ತೆ. ಪರಿವರ್ತನೆ ಅಂದ್ರೆ ಬರೀ ಖಾನೆಗೆ ಖಾನೆ ಬದಲಾಯಿಸೋದಲ್ಲ. ಅರ್ಕಾವತ್ತು ತಗೊಳ್ಳಿ. ಕಾರ್ಯದರ್ಶಿ ಅಂತ ಬರೆದಾಗ ನಾವು ರ್ ಅನ್ನ ಮೊದಲು ಉಚ್ಚರಿಸ್ತೀವಿ, ಅದರ ಗುರುತು ಮಾತ್ರ ಆಮೇಲೆ ಬರತ್ತೆ. ಹಳೇ ಫಾಂಟ್ ಕಣ್ಣಿಗೆ ಕಾಣೋ ಕ್ರಮದಲ್ಲಿ ಇಡತ್ತೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ. ಪರಿವರ್ತಕ ಸರಿಯಿಲ್ಲದಿದ್ರೆ ಕಾರ್ಯದರ್ಶಿ ಹೋಗಿ ಕಾಯರ್ದಶಿರ್ ಆಗ್ತಾರೆ. ಹಳೇ ವೆಬ್ ಪುಟಗಳಲ್ಲಿ ನೀವು ಸೂಯರ್ ಅಂತ ನೋಡಿರ್ತೀರಿ, ಅವನು ಸೂರ್ಯನೇ. ಮೊದಲು ಸಿಕ್ಕಿದ ಯಾವುದೋ ಪರಿವರ್ತಕದಲ್ಲಿ ಹಾಕಿದಾಗ ನಮ್ಮೂರ ಸೂರ್ಯನಾರಾಯಣಪ್ಪನ ಕುಂಟೆಗೂ ಅದೇ ಗತಿ ಆಗಿತ್ತು. ಎರಡನೇದರಲ್ಲಿ ಸರಿಹೋಯ್ತು.

ಎಲ್ಲಾ ಆದ ಮೇಲೆ ಒಂದು ಹೆಸರು ಮಾತ್ರ ಉಳೀತು. ಒಂದು ಸಾಲಿನ ಶುರುವಿನಲ್ಲಿ ಕಿ ಅಂತಿತ್ತು, ಅದರ ಪಕ್ಕ ಒಂದು ಚುಕ್ಕಿ ಚುಕ್ಕಿ ವೃತ್ತ, ಆಮೇಲೆ ಕು, ಆಮೇಲೆ ಕುಂಟೆ. ಅಪ್ಪನಿಗೆ ಗೊತ್ತಿಲ್ಲ. ಊರಲ್ಲಿ ಇಬ್ಬರು ಹಿರಿಯರನ್ನ ಕೇಳಿದ್ವಿ, ಕಿ ಇಂದ ಶುರುವಾಗೋ ಕುಂಟೆ ಯಾವುದೂ ಇಲ್ಲ ಅಂದ್ರು. ಕೊನೆಗೆ ಚಿಕ್ಕಮ್ಮನಿಗೆ ವಾಟ್ಸಾಪ್‌ನಲ್ಲಿ ಮೂಲ ಫೈಲಿನ ಸ್ಕ್ರೀನ್‌ಶಾಟ್ ಕಳಿಸಿದೆ, ಫಾಂಟ್ ಇಲ್ಲದ್ದು, ದೊಡ್ಡ ಕ್ಯೂ ಮತ್ತು ಗೆರೆ ಹಾಕಿದ ಅಕ್ಷರಗಳು. ಎರಡು ನಿಮಿಷಕ್ಕೆ ಫೋನ್ ಬಂತು.

"ಇದು ಆಟೋ ಕರೆಕ್ಟ್ ಕೆಲಸ ಕಣೋ. ಅಲ್ಲಿ ಸಣ್ಣ ಕ್ಯೂ ಇರಬೇಕು. ಡೊಂಕು ಕುಂಟೆ."

ಫಾಂಟ್ ಇಲ್ಲದೆ ಹೇಗೆ ಓದಿದೆ ಚಿಕ್ಕಮ್ಮಾ ಅಂದೆ. "ಹತ್ತು ವರ್ಷ ಹುಡುಕೋ ಚೌಕದಲ್ಲಿ ಅದನ್ನೇ ನೋಡಿಲ್ವಾ" ಅಂದ್ರು.

ಅಪ್ಪನಿಗೆ ಹೆಸರು ಹೇಳಿದ ಮೇಲೆ ನೆನಪು ಬಂತು. ಊರಾಚೆ ಈಗ ಸೈಟ್ ಮಾಡಿ ಕಲ್ಲು ನೆಟ್ಟಿರೋ ಜಾಗ ಇದೆ, ಮಳೆ ಬಂದಾಗೆಲ್ಲ ಅಲ್ಲಿ ನೀರು ನಿಲ್ಲತ್ತೆ ಅಂತ ಜನ ಬೈತಿರ್ತಾರೆ. ಅದು ಡೊಂಕು ಕುಂಟೆ. ನಾನು ಫೈಲ್‌ನಲ್ಲಿ ತಿದ್ದಿ ಸೇವ್ ಮಾಡಿ ಮನೆಯವರ ಗುಂಪಿಗೆ ಕಳಿಸಿದೆ. ಈಗ ಫೋನ್‌ನಲ್ಲಿ ಡೊಂಕು ಅಂತ ಹುಡುಕಿದ್ರೆ ಸಿಗತ್ತೆ, ಅದರ ಕೋಡಿ ನೀರು ಯಾವ ಕೆರೆಗೆ ಹೋಗ್ತಿತ್ತು ಅನ್ನೋದೂ ಕೆಳಗಿನ ಸಾಲಲ್ಲಿದೆ.